ಕಟ್ಟಡಕ್ಕೆ ಲೈಸೆನ್ಸುಂಟು, ಕೈಗೆ ಇಲ್ಲ!



ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ಬೆಳಗ್ಗೆ ನಮ್ಮ ಮಲೆನಾಡಿಗೆ ಬಂದಿಳಿಯುವವರು ನೀವು. ಹಾಸನ ದಾಟಿ, ಪಾಳ್ಯ, ಬಾಳ್ಳುಪೇಟೆ ಹಿಂದೆ ಹಾಕಿ ಸಕಲೇಶಪುರ ಸೇರುವಷ್ಟರಲ್ಲಿ ರಸ್ತೆಯ ಎರಡೂ ಬದಿ ಬೋರ್ಡುಗಳ ಜಾತ್ರೆ. ಹೋಮ್‌ಸ್ಟೇ, ರೆಸಾರ್ಟು, ಕಾಫಿ ತೋಟದ ಸುತ್ತಾಟ, ಜೀಪ್ ಸವಾರಿ. ಈಗ ಅದೇ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಸೇರಿಕೊಂಡಿದೆ: ಆಯುರ್ವೇದಿಕ್ ಮಸಾಜ್, ಸ್ಪಾ, ಬಾಡಿ ಥೆರಪಿ. ಬನ್ನಿ, ಸಂತೋಷ. ಮಂಜರಾಬಾದ್ ಕೋಟೆ ಹತ್ತಿ, ಬಿಸಿಲೆ ಘಾಟಿ ಸುತ್ತಿ ಮೈಕೈ ನೋವಾದವರು ಎಣ್ಣೆ ತಿಕ್ಕಿಸಿಕೊಂಡರೆ ತಪ್ಪೇನೂ ಇಲ್ಲ.

ಆದರೆ ಮೇಜಿನ ಮೇಲೆ ಬೋರಲು ಮಲಗುವ ಮುಂಚೆ ಒಂದು ಮಾತು ಕೇಳಿದ್ದೀರಾ? ನಿಮ್ಮ ಬೆನ್ನಿನ ಮೇಲೆ, ಕುತ್ತಿಗೆಯ ಮೇಲೆ ಆಡುವ ಆ ಕೈ ಎಲ್ಲಿ ಕಲಿತದ್ದು? ಯಾರು ಪರೀಕ್ಷೆ ಮಾಡಿ ‘ಈ ಕೈ ಸರಿ’ ಎಂದು ಬರೆದುಕೊಟ್ಟಿದ್ದಾರೆ?

ಆಟೋ ಓಡಿಸುವವನನ್ನು ನೋಡಿ. ಅವನ ಗಾಡಿಗೆ ಒಂದು ಕಾಗದ, ಅವನಿಗೇ ಒಂದು ಕಾಗದ. ಆರ್‌ಸಿ ಬೇರೆ, ಡಿಎಲ್ ಬೇರೆ. ಗಾಡಿಯ ಕಾಗದ ಎಷ್ಟೇ ಸರಿಯಾಗಿದ್ದರೂ ಡಿಎಲ್ ಇಲ್ಲದೆ ಸ್ಟೇರಿಂಗ್ ಹಿಡಿಯುವ ಹಾಗಿಲ್ಲ. ಮಾಲೀಸು ಅಂಗಡಿಯ ವಿಷಯದಲ್ಲಿ ನಮ್ಮ ಸರ್ಕಾರ ಗಾಡಿಯ ಕಾಗದ ಮಾತ್ರ ಕೇಳುತ್ತಿದೆ. ಓಡಿಸುವವನ ಕಾಗದ ಕೇಳುವುದೇ ಇಲ್ಲ. ಮಾಲೀಸು ಮಾಡುವವರ ಹೆಸರು ಬರೆದು, ಕೆಲಸ ಪರೀಕ್ಷಿಸಿ, ಕಾರ್ಡು ಕೊಡುವ ಪ್ರತ್ಯೇಕ ಕಾಯ್ದೆ ಕರ್ನಾಟಕದಲ್ಲಿ ಇವತ್ತಿಗೂ ಇಲ್ಲ. ಈ ಸಂಚಿಕೆಯಲ್ಲಿ ನಾವು ಎತ್ತುತ್ತಿರುವ ಪ್ರಶ್ನೆ ಇದೇ.

ಇದೇನು ಮಹಾ ವಿಷಯ ಎನ್ನಬೇಡಿ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಕ್ಷೌರದ ಅಂಗಡಿಯಲ್ಲಿ ತಲೆ ಮಾಲೀಸು ಮಾಡಿಸಿಕೊಂಡ. ಕೊನೆಗೆ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿದರು. ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಹೊಡೆಯಿತು. ಪತ್ರಿಕೆಗಳಲ್ಲಿ ಬಂದ ಸುದ್ದಿ ಇದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವನಿಗೆ ಕಾಲು ತಿಕ್ಕಿದರೆ ಆ ಹೆಪ್ಪು ಮೇಲೇರಿ ಶ್ವಾಸಕೋಶಕ್ಕೆ ಹೋಗಬಹುದು. ಜ್ವರ ಇದ್ದವರಿಗೆ, ಮೂಳೆ ಬಿರುಕು ಬಿಟ್ಟವರಿಗೆ, ಗರ್ಭಿಣಿಯರಿಗೆ, ಚರ್ಮದ ಸೋಂಕಿದ್ದವರಿಗೆ ಯಾವಾಗ ಕೈ ಇಡಬಾರದು ಎಂಬುದು ಕಲಿತವರಿಗೆ ಗೊತ್ತು, ಕಲಿಯದವರಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲಾದರೆ ಮೂಲೆಮೂಲೆಗೆ ಆಸ್ಪತ್ರೆ. ಇಲ್ಲಿ? ಬಿಸಿಲೆಯ ಕಡೆಯ ಒಂದು ತೋಟದ ಮನೆಯಲ್ಲಿ ರಾತ್ರಿ ಎಂಟಕ್ಕೆ ಎದೆ ಹಿಡಿದುಕೊಂಡರೆ ಮಳೆ, ಮಂಜು, ಕಾಡಾನೆ ಎಲ್ಲ ದಾಟಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಸೇರಬೇಕು. ಅಲ್ಲಿಂದ ಹಾಸನಕ್ಕೆ ಬರೆದುಕೊಟ್ಟರೆ ಇನ್ನೂ ಸುಮಾರು 40 ಕಿಲೋಮೀಟರು.

ಕಾಗದ ಎಷ್ಟಿದೆ, ಕಾವಲು ಎಷ್ಟಿದೆ?

ಕಾಯ್ದೆಗಳೇ ಇಲ್ಲವೆಂದಲ್ಲ. ಒಂದಲ್ಲ, ನಾಲ್ಕಾರು ಇವೆ. ಅಂಗಡಿ ತೆರೆಯಲು ಪಟ್ಟಣದಲ್ಲಿ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಲೈಸೆನ್ಸು ಕೊಡುತ್ತದೆ. ಕೆಲಸಗಾರರಿದ್ದರೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಹೋಮ್‌ಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆ. ಆದರೆ ಆ ನೋಂದಣಿ ಕೋಣೆ, ಹಾಸಿಗೆ, ಊಟಕ್ಕೆ. ಹಿತ್ತಲ ಕೋಣೆಯ ಎಣ್ಣೆ ಮೇಜಿಗಲ್ಲ.

ರೋಗ ವಾಸಿ ಮಾಡುತ್ತೇವೆ ಎಂದರೆ ಲೆಕ್ಕ ಬೇರೆ. ಆಗ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ನಾವು ಕೆಪಿಎಂಇ ಎನ್ನುವ ಕಾಯ್ದೆಯಡಿ ನೋಂದಣಿ ಆಗಬೇಕು. ಅಲೋಪತಿಗೆ ಮಾತ್ರವಲ್ಲ, ಆಯುರ್ವೇದ, ಯುನಾನಿ, ಯೋಗ, ಪ್ರಕೃತಿ ಚಿಕಿತ್ಸೆ ಎಲ್ಲಕ್ಕೂ ಅದು ಅನ್ವಯ. ಅಕ್ಯುಪ್ರೆಶರ್ ಕೂಡ ಅದರಲ್ಲಿದೆ. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನಕಲಿ ವೈದ್ಯರ ಹಾವಳಿ ತಡೆಯಲು 2024ರಲ್ಲಿ ಆರೋಗ್ಯ ಇಲಾಖೆ ಬೋರ್ಡಿನ ಬಣ್ಣವನ್ನೇ ಗೊತ್ತು ಮಾಡಿತು. ಅಲೋಪತಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು, ಅದರ ಮೇಲೆ ಕೆಪಿಎಂಇ ನೋಂದಣಿ ಸಂಖ್ಯೆ. ಒಳ್ಳೆಯ ಕೆಲಸ.

ಸಂದು ಇರುವುದು ಇಲ್ಲೇ. ‘ನಾವು ಚಿಕಿತ್ಸೆ ಕೊಡುವುದಿಲ್ಲ ಸಾರ್, ಬರೀ ಆರಾಮಕ್ಕೆ’ ಎಂದು ಒಂದು ಮಾತು ಹೇಳಿಬಿಟ್ಟರೆ ಕೆಪಿಎಂಇ ಬಾಗಿಲ ಹೊರಗೇ ನಿಲ್ಲುತ್ತದೆ. ಅಧಿಕಾರಿ ಬಂದಾಗ ಆರಾಮ, ಗಿರಾಕಿ ಬಂದಾಗ ಚಿಕಿತ್ಸೆ! ಮೇಜು ಒಂದೇ, ಎಣ್ಣೆ ಒಂದೇ, ಕೈ ಒಂದೇ. ಎರಡು ನಾಲಿಗೆ ಮಾತ್ರ.

ಹ್ಯಾಂಡ್‌ಬಿಲ್ಲಿನ ವೈದ್ಯರು

ನಾನು ಪ್ರಿಂಟಿಂಗ್ ಪ್ರೆಸ್ಸು ನಡೆಸುವವನು. ಓದಿದ್ದು ಪಿಯುಸಿ. ಕಾನೂನು ಪುಸ್ತಕ ಓದಿ ಬೆಳೆದವನಲ್ಲ. ಆದರೆ ಅಚ್ಚಿಗೆ ಬರುವ ಮ್ಯಾಟರು ಓದಿ ಓದಿ ಊರಿನ ನಾಡಿ ಗೊತ್ತಾಗುತ್ತದೆ. ಒಬ್ಬರು ಮಾಲೀಸು ಕೇಂದ್ರದ ಹ್ಯಾಂಡ್‌ಬಿಲ್ಲು ತಂದರು. ನಮ್ಮ ಮೂಲಿಕೆ ಎಣ್ಣೆಯಿಂದ ಸಕ್ಕರೆ ಕಾಯಿಲೆ, ಲಕ್ವ, ಬೊಜ್ಜು, ಸಂಧಿವಾತ ಗ್ಯಾರಂಟಿ ವಾಸಿ ಎಂದು ದಪ್ಪ ಅಕ್ಷರದಲ್ಲಿ ಹಾಕಬೇಕಂತೆ. ಆಗುವುದಿಲ್ಲ ಎಂದು ವಾಪಸು ಕೊಟ್ಟೆ. ಮುಂದಿನ ವಾರ ಅದೇ ಮ್ಯಾಟರು ಬೇರೆಲ್ಲೋ ನಾಲ್ಕು ಬಣ್ಣದಲ್ಲಿ ಅಚ್ಚಾಗಿ ಬಸ್ ಸ್ಟ್ಯಾಂಡಿನ ಕಂಬ ಕಂಬಕ್ಕೆ ಅಂಟಿಕೊಂಡಿತ್ತು.

ಯಾಕೆ ವಾಪಸು ಕೊಟ್ಟೆ ಗೊತ್ತೆ? 1954ರಲ್ಲೇ ಒಂದು ಕೇಂದ್ರ ಕಾಯ್ದೆ ಬಂದಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ. ಅದಕ್ಕೆ ಒಂದು ಪಟ್ಟಿ ಇದೆ. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್, ಮೂರ್ಛೆ ರೋಗ, ಬೊಜ್ಜು, ಸಂಧಿವಾತ, ರಕ್ತದೊತ್ತಡ ಎಲ್ಲ ಅದರಲ್ಲಿವೆ. ಇವನ್ನು ನಮ್ಮ ಔಷಧ ವಾಸಿ ಮಾಡುತ್ತದೆ ಎಂದು ಜಾಹೀರಾತು ಕೊಡುವ ಹಾಗಿಲ್ಲ. ಕೊಟ್ಟವನಷ್ಟೇ ಅಲ್ಲ, ಅಚ್ಚು ಹಾಕಿದವನೂ ಪಾಲುದಾರ. ಎಪ್ಪತ್ತು ವರ್ಷ ದಾಟಿದ ಕಾಯ್ದೆ ಇದು. ಮಲೆನಾಡಿನ ಯಾವ ಕಂಬ ಇದಕ್ಕೆ ಹೆದರಿದೆ ಹೇಳಿ?

ಕಲ್ಲು ಲೈಸೆನ್ಸಲ್ಲ

ಸರ್ಕಾರ ಖಾಲಿ ಬಿಟ್ಟ ಜಾಗಕ್ಕೆ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ಶಿರಾಡಿ ಇಳಿದರೆ ಮಂಗಳೂರು. 2025ರ ಜನವರಿಯಲ್ಲಿ ಅಲ್ಲಿನ ಬಿಜೈಯಲ್ಲಿ ಒಂದು ಸಂಘಟನೆಯವರು ಮಸಾಜ್ ಪಾರ್ಲರಿಗೆ ನುಗ್ಗಿ ಗಾಜು, ಸಾಮಾನು ಪುಡಿ ಮಾಡಿದರು. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಕ್ಕಳು ನಡುಗಿದರು. ಕೊನೆಗೆ ನುಗ್ಗಿದವರೇ ಪೊಲೀಸರ ಕೈಗೆ ಸಿಕ್ಕಿದರು. ಸಿಕ್ಕ ಲಾಭವೇನು? ಒಂದು ಕೈಗಾದರೂ ತರಬೇತಿ ಸಿಕ್ಕಿತೆ? ಒಬ್ಬ ಗಿರಾಕಿಗಾದರೂ ರಕ್ಷಣೆ ಸಿಕ್ಕಿತೆ?

ಗೆಳೆಯರೇ, ಇದನ್ನು ನಿಮಗೇ ಒತ್ತಿ ಹೇಳುತ್ತಿದ್ದೇವೆ. ಯಾಕೆಂದರೆ ಬೋರ್ಡಿಗೆ ಮಸಿ ಬಳಿಯುವ ಡಬ್ಬಿ ನಮ್ಮ ಹುಡುಗರ ಕೈಯಲ್ಲೂ ಇದೆ. ಮಾಲೀಸು ಮಾಡಿ ಹೊಟ್ಟೆ ಹೊರೆಯುವ ಹೆಣ್ಣುಮಗಳು ನಮ್ಮ ಶತ್ರು ಅಲ್ಲ. ಆಕೆ ಈಶಾನ್ಯದಿಂದ ಬಂದಿರಲಿ, ಕೇರಳದಿಂದ ಬಂದಿರಲಿ, ಹೆತ್ತೂರಿನವಳೇ ಆಗಿರಲಿ. ಅನಾಚಾರ ನಡೆಯುವ ಕಡೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಇದೆ. ಆ ಕಾಯ್ದೆಯೂ ಕೂಡ ಶೋಧನೆಗೆ ಹೋಗುವ ಅಧಿಕಾರಿಯ ಜೊತೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು ಎನ್ನುತ್ತದೆ. ಕಾಯ್ದೆಗೇ ಅಷ್ಟು ಮರ್ಯಾದೆ ಗೊತ್ತಿರುವಾಗ ನಮಗೆ ಗೊತ್ತಿರಬೇಡವೆ?

ಬರೀ ಅನುಮಾನದ ಮೇಲೆ ಕಟ್ಟಿದ ನಿಯಮವೂ ನಿಲ್ಲುವುದಿಲ್ಲ. 2021ರಲ್ಲಿ ದೆಹಲಿ ಸರ್ಕಾರ ಸ್ಪಾಗಳಿಗೆ ನಿಯಮ ಮಾಡಿ ಗಂಡಸಿಗೆ ಹೆಂಗಸು, ಹೆಂಗಸಿಗೆ ಗಂಡಸು ಮಾಲೀಸು ಮಾಡಬಾರದು ಎಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ನಿಷೇಧಕ್ಕೆ ತಡೆ ಕೊಟ್ಟಿತು. ಮದ್ರಾಸ್ ಹೈಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ಸ್ಪಾಗಳಲ್ಲಿ ಕ್ಯಾಮೆರಾ ಹಾಕಿಸಿ ಎಂದರು. 2022ರ ಜನವರಿಯಲ್ಲಿ ಮದುರೈ ಪೀಠದ ಇನ್ನೊಬ್ಬ ನ್ಯಾಯಮೂರ್ತಿ ಅದು ಖಾಸಗಿತನದ ಹಕ್ಕಿಗೆ ಧಕ್ಕೆ ಎಂದರು. ಆ ಹಕ್ಕನ್ನು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ದೇಶಕ್ಕೆ ಗೆದ್ದುಕೊಟ್ಟ ಅರ್ಜಿದಾರರು ಯಾರು? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಮ್ಮವರು ತಂದುಕೊಟ್ಟ ಹಕ್ಕನ್ನು ನಾವೇ ಕಾಲಲ್ಲಿ ತುಳಿಯಬಾರದು.

ಬಾಣಂತಿ ಮನೆಯ ಕೈ

ಮಾಲೀಸು ಹೊರಗಿನಿಂದ ಬಂದ ವಿದ್ಯೆಯೇನಲ್ಲ. ಬಾಣಂತಿಗೂ ಮಗುವಿಗೂ ಎಣ್ಣೆ ನೀರು ಮಾಡಿಸುವ ಅಜ್ಜಿಯರು ನಮ್ಮ ಊರೂರಲ್ಲಿ ಇದ್ದರು. ಈಗಲೂ ಕೆಲವರಿದ್ದಾರೆ. ಹರಳೆಣ್ಣೆ ಬೆಚ್ಚಗೆ ಮಾಡಿ ಕೂಸಿನ ಕೈಕಾಲು ನೀವುವ ಆ ಹದ ಯಾವ ಸರ್ಟಿಫಿಕೇಟಿನಲ್ಲಿದೆ? ಉಳುಕು ತೆಗೆಯುವವರು, ಮೂಳೆ ಕಟ್ಟುವವರು ಇದ್ದಾರೆ. ದೀಪಾವಳಿಯ ಎಣ್ಣೆ ಸ್ನಾನ ಬಿಟ್ಟ ಮನೆ ನಮ್ಮಲ್ಲಿ ಯಾವುದಿದೆ?

ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಶಾಲೆಯ ಮುಖ ನೋಡದ ತಾಯಿ. ಸಾವಿರಾರು ಹೆರಿಗೆ ಮಾಡಿಸಿದ ಕೈ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು. ಅಕ್ಷರ ಬಾರದ ಕೈಗೆ ದೇಶ ಪದಕ ಕೊಡಬಲ್ಲದು, ನಮ್ಮ ಸರ್ಕಾರಕ್ಕೆ ಒಂದು ಕಾರ್ಡು ಕೊಡುವ ದಾರಿ ಮಾತ್ರ ತಿಳಿಯದು!

ಕನ್ನಡದ ಪ್ರಶ್ನೆ ಎಲ್ಲಿ ಬಂತು ಎನ್ನುತ್ತೀರಾ? ಇಲ್ಲೇ ಬಂತು. ನಾಳೆ ಲೈಸೆನ್ಸು ಕಾಯ್ದೆ ಬಂದೇ ಬರುತ್ತದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಅರ್ಜಿ ಆನ್‌ಲೈನಿನಲ್ಲಿ ಎಂದರೆ ಆಲೂರಿನ ಅಜ್ಜಿ, ಹಾನುಬಾಳಿನ ಎಸ್ಸೆಸ್ಸೆಲ್ಸಿ ಹುಡುಗಿ ಮೊದಲನೇ ದಿನವೇ ಹೊರಗೆ. ದುಡ್ಡಿದ್ದ ಕಂಪನಿ ಒಳಗೆ. ಇಂಥ ಲೈಸೆನ್ಸು ಬಡವರ ಅನ್ನಕ್ಕೆ ಬೀಗ. ಸರೋಜಿನಿ ಮಹಿಷಿಯವರು ವರದಿ ಕೊಟ್ಟದ್ದು 1986ರಲ್ಲಿ. ಅಂದಿನಿಂದ ಕನ್ನಡಿಗರಿಗೆ ಕೆಲಸ ಎಂದು ಕೂಗಿದ್ದೇವೆ. ಮಲೆನಾಡಿನಲ್ಲಿ ಈಗ ಹುಟ್ಟುತ್ತಿರುವ ಕೆಲಸ ಇದು. ಅದರ ಬಾಗಿಲಿಗೆ ಕನ್ನಡ ಗೊತ್ತಿರಬೇಕು.

ಬೋರ್ಡಿನ ಯುದ್ಧ ಅರ್ಧ ಗೆದ್ದಿದ್ದೇವೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದು ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕಾಯಿತು. ಆದರೆ ‘ಬಾಡಿ ರಿಲ್ಯಾಕ್ಸೇಷನ್ ಥೆರಪಿ’ ಎಂದು ಕನ್ನಡ ಅಕ್ಷರದಲ್ಲಿ ಬರೆದುಬಿಟ್ಟರೆ ಕನ್ನಡ ಬಂತೆ? ಬೋರ್ಡು ದಾಟಿ ಒಳಗೆ ಹೋಗಿ. ದರಪಟ್ಟಿ ಯಾವ ಭಾಷೆಯಲ್ಲಿದೆ? ‘ನಿಮಗೆ ಬಿಪಿ ಇದೆಯೆ, ಆಪರೇಷನ್ ಆಗಿದೆಯೆ’ ಎಂದು ಕೇಳಿ ಸಹಿ ಹಾಕಿಸುವ ಕಾಗದ ಯಾವ ಭಾಷೆಯಲ್ಲಿದೆ? ಅಲ್ಲಿ ಕೆಲಸ ಮಾಡುವವಳ ನೇಮಕದ ಪತ್ರ ಯಾವ ಭಾಷೆಯಲ್ಲಿದೆ, ಅಸಲಿಗೆ ಪತ್ರ ಇದೆಯೆ? ಭಾಷೆ ಇರಬೇಕಾದ ಜಾಗ ಇದು. ತಿಳಿಯದ ಕಾಗದಕ್ಕೆ ಹಾಕಿದ ಸಹಿ ಕುರುಡು ಸಹಿ.

ಬೇರೆಯವರು ಏನು ಮಾಡಿದ್ದಾರೆ?

ಪಕ್ಕದ ಕೇರಳದವರ ಮೇಲೆ ಹೊಟ್ಟೆಕಿಚ್ಚು ಪಟ್ಟು ಪ್ರಯೋಜನವಿಲ್ಲ. ಅವರ ಪ್ರವಾಸೋದ್ಯಮ ಇಲಾಖೆ ಆಯುರ್ವೇದ ಕೇಂದ್ರಗಳನ್ನು ಪರಿಶೀಲಿಸಿ ಗ್ರೀನ್ ಲೀಫ್, ಆಲಿವ್ ಲೀಫ್ ಎಂದು ದರ್ಜೆ ಕೊಡುವ ಪದ್ಧತಿ ತಂದಿತು. ಅದರಿಂದ ‘ಕೇರಳ’ ಎಂಬ ಹೆಸರಿಗೇ ಬೆಲೆ ಬಂತು. ಇವತ್ತು ಕಾಫಿ ಸೀಮೆಯ ನಡುವೆಯೂ ‘ಕೇರಳ ಆಯುರ್ವೇದ’ ಎಂದು ಬೋರ್ಡು ಹಾಕುತ್ತಾರೆ. ‘ಕರ್ನಾಟಕ ಆಯುರ್ವೇದ’ ಎಂದು ಹಾಕುವ ಧೈರ್ಯ ನಮಗೇಕಿಲ್ಲ? ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರದು. ಹಾಸನದಲ್ಲೇ ತಣ್ಣೀರುಹಳ್ಳದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ 1992ರಿಂದ ಇದೆ. ಮನೆ ಬಾಗಿಲಲ್ಲಿ ಬಾವಿ ಇಟ್ಟುಕೊಂಡು ಪಕ್ಕದೂರಿನ ನೀರಿಗೆ ಕೊಡ ಹಿಡಿದು ನಿಂತಿದ್ದೇವೆ.

ಥಾಯ್ಲೆಂಡ್ ನೋಡಿ. 2016ರಲ್ಲಿ ಆರೋಗ್ಯ ಸೇವಾ ಸಂಸ್ಥೆಗಳ ಕಾಯ್ದೆ ತಂದರು. ಅಂಗಡಿಗೆ ಲೈಸೆನ್ಸು, ನಡೆಸುವವನಿಗೆ ಲೈಸೆನ್ಸು, ಮಾಲೀಸು ಮಾಡುವ ಕೈಗೆ ಪ್ರತ್ಯೇಕ ನೋಂದಣಿ. 2019ರಲ್ಲಿ ಅವರ ಮಾಲೀಸು ವಿದ್ಯೆ ಯುನೆಸ್ಕೋ ಪಟ್ಟಿಗೆ ಸೇರಿತು. ದಕ್ಷಿಣ ಕೊರಿಯಾದಲ್ಲಿ ಮಾಲೀಸಿನ ಲೈಸೆನ್ಸು ದೃಷ್ಟಿ ಇಲ್ಲದವರಿಗೆ ಮಾತ್ರ. ಕೆಲವರು ಕೋರ್ಟಿಗೆ ಹೋದರು. 2008ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಮೀಸಲಾತಿಯನ್ನು ಎತ್ತಿಹಿಡಿಯಿತು. ಅಂದರೆ ಲೈಸೆನ್ಸು ಮನಸ್ಸು ಮಾಡಿದರೆ ಬಡವನ ಅನ್ನ ಕಾಯಲೂಬಲ್ಲದು.

ನಮ್ಮ ಬೇಡಿಕೆ

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯ ಇದೆ, ಆರನೇ ನಮೂದು. ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ವಿಧಾನಸೌಧದಲ್ಲೇ ಮಾಡಬಹುದಾದ ಕೆಲಸ. ನಾವು ಕೇಳುವುದು ಇಷ್ಟು:

ಒಂದು, ಚಿಕಿತ್ಸೆಯ ಮಾಲೀಸು ಬೇರೆ, ಆರಾಮದ ಮಾಲೀಸು ಬೇರೆ ಎಂದು ಕಾಯ್ದೆಯಲ್ಲಿ ಗೆರೆ ಎಳೆಯಿರಿ. ಬೋರ್ಡಿನಲ್ಲೇ ಅದು ಕಾಣಬೇಕು. ಮೊದಲನೆಯದಕ್ಕೆ ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಇರಲೇಬೇಕು.

ಎರಡು, ಕೈಗೆ ಕಾರ್ಡು ಕೊಡಿ. ಭಾವಚಿತ್ರ, ಹೆಸರು, ಕಲಿತ ಜಾಗ, ನೋಂದಣಿ ಸಂಖ್ಯೆ ಕನ್ನಡದಲ್ಲಿ. ಅದು ಗೋಡೆಯ ಮೇಲೆ ತೂಗಬೇಕು.

ಮೂರು, ಪರೀಕ್ಷೆ ಕನ್ನಡದಲ್ಲಿ, ಮಾತಿನಲ್ಲಿ ಮತ್ತು ಕೈಯಲ್ಲಿ ನಡೆಯಲಿ. ಬರೆಯಲು ಬಾರದ ಅನುಭವಿಗೂ ಬಾಗಿಲು ತೆರೆದಿರಲಿ. ಹಾಸನದ ಕಾಲೇಜು, ತಾಲ್ಲೂಕು ಆಸ್ಪತ್ರೆಗಳ ನೆರವಿನಿಂದ ಸಕಲೇಶಪುರ, ಆಲೂರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಡಿ. ಹೊರಗಿನಿಂದ ಬಂದ ಕೆಲಸಗಾರರಿಗೆ ಕೆಲಸದ ಕನ್ನಡ ಕಲಿಸಿ. ‘ನೋವಾಗುತ್ತಿದೆ, ಬಿಡಿ’ ಎಂದರೆ ಅವರಿಗೆ ತಿಳಿಯಬೇಕು.

ನಾಲ್ಕು, ಕೆಲಸಗಾರ್ತಿಗೆ ತನಗೆ ತಿಳಿಯುವ ಭಾಷೆಯಲ್ಲಿ ನೇಮಕದ ಪತ್ರ ಕೊಡಿ. ಕೆಟ್ಟದಾಗಿ ನಡೆದುಕೊಂಡ ಗಿರಾಕಿಯನ್ನು ಹೊರಗೆ ಕಳಿಸುವ ಹಕ್ಕು ಕೊಡಿ. ತಪಾಸಣೆ ಆರೋಗ್ಯ ಇಲಾಖೆಯದಾಗಿರಲಿ, ಲಾಠಿಯದಲ್ಲ.

ಕಾಯ್ದೆ ಬರುವ ತನಕ ನಿಮ್ಮ ಪಾಲಿನ ಕೆಲಸ ನೀವು ಮಾಡಿ. ಮೇಜಿನ ಮೇಲೆ ಮಲಗುವ ಮುಂಚೆ ಮೂರು ಮಾತು ಕೇಳಿ. ಇದು ಚಿಕಿತ್ಸೆಯೋ, ಆರಾಮವೋ? ಚಿಕಿತ್ಸೆಯಾದರೆ ಕೆಪಿಎಂಇ ಸಂಖ್ಯೆ ಎಲ್ಲಿ, ವೈದ್ಯರು ಯಾರು? ಈ ಕೆಲಸ ಮಾಡುವವರು ಎಲ್ಲಿ ಕಲಿತವರು? ಉತ್ತರ ಬಾರದಿದ್ದರೆ ಎದ್ದು ಬನ್ನಿ. ಯಾರೇ ಆಗಲಿ ಕುತ್ತಿಗೆ ಲಟಕ್ಕೆನಿಸಲು ಬಂದರೆ ಬೇಡ ಎನ್ನಿ.

ಇನ್ನೂ ಹುಮ್ಮಸ್ಸಿದ್ದರೆ ಹತ್ತು ರೂಪಾಯಿ ಖರ್ಚು ಮಾಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನೀವು ಉಳಿದುಕೊಂಡ ಊರಿನ ಗ್ರಾಮ ಪಂಚಾಯಿತಿಗೆ, ಹಾಸನದ ಜಿಲ್ಲಾ ಆಯುಷ್ ಕಚೇರಿಗೆ ಅರ್ಜಿ ಹಾಕಿ. ನಿಮ್ಮ ವ್ಯಾಪ್ತಿಯಲ್ಲಿ ಎಷ್ಟು ಮಾಲೀಸು ಕೇಂದ್ರಗಳಿವೆ, ಎಷ್ಟಕ್ಕೆ ನೋಂದಣಿ ಇದೆ, ಕೊನೆಯ ತಪಾಸಣೆ ಯಾವಾಗ ಆಯಿತು ಎಂದು ಕೇಳಿ. ನೂರು ಕಲ್ಲು ಮಾಡದ ಕೆಲಸವನ್ನು ಅಂಥ ಒಂದು ಅರ್ಜಿ ಮಾಡುತ್ತದೆ. ಬಂದ ಉತ್ತರವನ್ನು ಈ ಪತ್ರಿಕೆಗೆ ಕಳಿಸಿ, ನಾವು ಅಚ್ಚು ಹಾಕುತ್ತೇವೆ.

ಅರ್ಜಿ ಕನ್ನಡದಲ್ಲೇ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ.

ಸಿರಿಗನ್ನಡಂ ಗೆಲ್ಗೆ!